ಫ್ಯಾಸಿಯಾ ಚಿಕಿತ್ಸೆಯ ವಿದ್ಯುತ್ ಉಪಕರಣ: ಸ್ಟ್ರೋಕ್ ಎಷ್ಟು, ಬಲ ಎಷ್ಟು?

ಪ್ರಶ್ನೆ (ವಿನ್ಯಾಸ ಎಂಜಿನಿಯರ್, ಹುಬ್ಬಳ್ಳಿ)

ಇಲ್ಲಿನ ಒಂದು ಫಿಸಿಯೊಥೆರಪಿ ಕ್ಲಿನಿಕ್‌ಗಾಗಿ ಬ್ಯಾಟರಿ ಚಾಲಿತ ಉಪಕರಣವೊಂದನ್ನು ವಿನ್ಯಾಸಗೊಳಿಸುತ್ತಿದ್ದೇನೆ. ಸ್ನಾಯುಗಳನ್ನು ಹೊದ್ದುಕೊಂಡಿರುವ ಫ್ಯಾಸಿಯಾ ಪದರಗಳ ಬಿಗಿತವನ್ನು ಸಡಿಲಿಸಲು ಅವರು ಈಗ ಕೈಯನ್ನೂ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳನ್ನೂ ಬಳಸುತ್ತಿದ್ದು, ದಿನದ ಕೊನೆಗೆ ಹೆಬ್ಬೆರಳು ಸೋತುಹೋಗುತ್ತದೆ ಎನ್ನುತ್ತಾರೆ. ನನ್ನ ಮಾದರಿಯ ರಚನೆ ಮಾರುಕಟ್ಟೆಯ ಮಸಾಜ್ ಗನ್‌ಗಳಂತೆಯೇ ಇದೆ: ಬ್ರಶ್‌ಲೆಸ್ ಮೋಟಾರು, ಅದರ ತಿರುಗುವಿಕೆಯನ್ನು ಮುಂದೆ ಹಿಂದಿನ ಓಟವಾಗಿಸುವ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್, ತುದಿಯಲ್ಲಿ ಬದಲಾಯಿಸಬಹುದಾದ ತಲೆ. ಸ್ಟ್ರೋಕ್ (ತಲೆ ಮುಂದೆ ಹಿಂದೆ ಚಲಿಸುವ ದೂರ) 16 ಮಿ.ಮೀ., ವೇಗ ನಿಮಿಷಕ್ಕೆ 2400 ಬಡಿತ, ಚಲಿಸುವ ಭಾಗಗಳ ತೂಕ ಸುಮಾರು 80 ಗ್ರಾಂ, ಇಡೀ ಉಪಕರಣದ ತೂಕ ಒಂದು ಕೆ.ಜಿ. 15 ಕೆ.ಜಿ. ಒತ್ತಡದಲ್ಲೂ ಮೋಟಾರು ನಿಲ್ಲಬಾರದು ಎಂಬುದು ನನ್ನ ಗುರಿ.

ಆಳದಲ್ಲಿ ಒಂದಕ್ಕೊಂದು ಅಂಟಿಕೊಂಡ ಫ್ಯಾಸಿಯಾ ಪದರಗಳನ್ನು ಬಿಡಿಸಲು ಇಷ್ಟು ಬಲ ಸಾಕೇ, ಇನ್ನೂ ಬೇಕೇ? ಎರಡನೆಯದಾಗಿ, ಹಿಡಿಯ ಕಂಪನ ವಿಪರೀತವಾಗಿದ್ದು ಸ್ವಲ್ಪ ಹೊತ್ತಿಗೇ ಕೈ ಜುಮ್ಮೆನ್ನುತ್ತದೆ. ರಬ್ಬರ್ ಹೊದಿಕೆ ಹಾಕಿದರೂ ಹೇಳಿಕೊಳ್ಳುವಷ್ಟು ವ್ಯತ್ಯಾಸವಾಗಲಿಲ್ಲ.

ಉತ್ತರ 1 (ಫಿಸಿಯೊಥೆರಪಿಸ್ಟ್, ಮೈಸೂರು)

ಮೊದಲ ಪ್ರಶ್ನೆಯ ಹಿಂದಿರುವ ಊಹೆಯನ್ನೇ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ತೊಡೆಯ ಹೊರಬದಿಯ ಫ್ಯಾಸಿಯಾ ಲಾಟಾ ಮತ್ತು ಅಂಗಾಲಿನ ಪ್ಲಾಂಟಾರ್ ಫ್ಯಾಸಿಯಾಗಳನ್ನು ಶೇ. 1ರಷ್ಟು ಒತ್ತಿ ಕುಗ್ಗಿಸಲು ಅಥವಾ ಪಕ್ಕಕ್ಕೆ ಜಾರಿಸಲು ಬೇಕಾದ ಬಲವು, ಮನುಷ್ಯದೇಹ ಸಹಿಸಬಲ್ಲ ಮಿತಿಯನ್ನೇ ಮೀರುತ್ತದೆ ಎಂದು 2008ರಲ್ಲಿ ಚೌಧರಿ ಮತ್ತು ಸಂಗಡಿಗರು ಪ್ರಕಟಿಸಿದ ಗಣಿತ ಮಾದರಿ ತೋರಿಸಿತು. ಆದ್ದರಿಂದ ಯಂತ್ರದ ಬಡಿತದಿಂದ ದಟ್ಟವಾದ ಕೊಲಾಜೆನ್ ಪದರಗಳು ಹರಿದು ಬಿಡಿಸಿಕೊಳ್ಳುತ್ತವೆ ಎಂಬ ವಿವರಣೆ, ಜಾಹೀರಾತುಗಳಲ್ಲಿ ಎಷ್ಟೇ ಜನಪ್ರಿಯವಾಗಿದ್ದರೂ, ನನಗೆ ಒಪ್ಪಿತವಲ್ಲ.

ಹಾಗಾದರೆ ಚಿಕಿತ್ಸೆಯ ನಂತರ ರೋಗಿಗೆ ಹಗುರವೆನಿಸುವುದೇಕೆ? ಎರಡು ಸಾಧ್ಯತೆಗಳನ್ನು ಗಂಭೀರವಾಗಿ ಪರಿಗಣಿಸಲಾಗುತ್ತಿದೆ. ಫ್ಯಾಸಿಯಾದ ಪದರಗಳ ನಡುವೆ ಹಯಲುರೊನಾನ್ ಎಂಬ ಜಾರುವ ದ್ರವ್ಯವಿದ್ದು, ಅದು ಗಟ್ಟಿಯಾದಾಗ ಪದರಗಳ ಸರಿದಾಟ ಕುಂಠಿತವಾಗುತ್ತದೆ ಎಂಬುದು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಕಾರ್ಲಾ ಸ್ಟೆಕ್ಕೊ ಮತ್ತು ಅವರ ತಂಡ ಮುಂದಿಟ್ಟಿರುವ ವಿವರಣೆ. ಇನ್ನೊಂದು ನರಮಂಡಲಕ್ಕೆ ಸಂಬಂಧಿಸಿದ್ದು: ಫ್ಯಾಸಿಯಾದಲ್ಲಿರುವ ರುಫಿನಿ ಎಂಬ ನರತುದಿಗಳು ನಿಧಾನವಾದ ಪಕ್ಕದೆಳೆತಕ್ಕೆ ಚೆನ್ನಾಗಿ ಸ್ಪಂದಿಸುತ್ತವೆ, ಪಚೀನಿಯನ್ ಕಣಗಳೆಂಬ ಇನ್ನೊಂದು ಬಗೆಯ ನರತುದಿಗಳು ವೇಗದ ಕಂಪನಕ್ಕೆ ಸ್ಪಂದಿಸುತ್ತವೆ. ಈ ಎರಡರಲ್ಲಿ ಯಾವುದು ನಿಜವಾದರೂ 15 ಕೆ.ಜಿ. ಒತ್ತಡದ ಅಗತ್ಯ ಬೀಳುವುದಿಲ್ಲ.

ಅತಿಯಾದ ಬಡಿತ ನಿರಪಾಯಕಾರಿಯೂ ಅಲ್ಲ. ಮಸಾಜ್ ಗನ್ ಬಳಕೆಯ ನಂತರ ಸ್ನಾಯುಕೋಶಗಳು ಒಡೆದು ಅವುಗಳ ಅಂಶ ರಕ್ತಕ್ಕೆ ಸೇರುವ ರ‍್ಯಾಬ್ಡೊಮಯೊಲಿಸಿಸ್ ಉಂಟಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಕತ್ತಿನ ಮುಂಭಾಗ, ಉಬ್ಬಿದ ರಕ್ತನಾಳಗಳ ಜಾಗ, ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿರುವ ಶಂಕೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಇವೆಲ್ಲವನ್ನೂ ಬಳಕೆಯ ಸೂಚನೆಯಲ್ಲಿ ಸ್ಪಷ್ಟವಾಗಿ ಹೊರಗಿಡಿ. ವಿನ್ಯಾಸದ ಬಗ್ಗೆ ನನ್ನ ಕೋರಿಕೆ ಒಂದೇ: ನೇರವಾಗಿ ಗುದ್ದುವ ತಲೆಯ ಜೊತೆಗೆ, ಚರ್ಮಕ್ಕೆ ಓರೆಯಾಗಿ ಹಿಡಿದು ನಿಧಾನವಾಗಿ ಜಾರಿಸಬಹುದಾದ ಅಗಲ ತಲೆಯನ್ನೂ ಕೊಡಿ, ವೇಗವನ್ನು ನಿಮಿಷಕ್ಕೆ 1200ರವರೆಗೆ ಇಳಿಸಲು ಅವಕಾಶವಿರಲಿ.

ಉತ್ತರ 2 (ಮೋಟಾರ್ ಡ್ರೈವ್ ಎಂಜಿನಿಯರ್, ಪೀಣ್ಯ)

ಮೇಡಂ ಹೇಳಿದ್ದನ್ನು ಅಂಕಿಗಳಲ್ಲಿ ಇಟ್ಟು ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ನಿಮಿಷಕ್ಕೆ 2400 ಎಂದರೆ 40 ಹರ್ಟ್ಸ್. ಸ್ಟ್ರೋಕ್ 16 ಮಿ.ಮೀ. ಆದಾಗ ಕ್ರ್ಯಾಂಕ್ ತ್ರಿಜ್ಯ 8 ಮಿ.ಮೀ.; ತಲೆಯ ಗರಿಷ್ಠ ವೇಗೋತ್ಕರ್ಷ ಸುಮಾರು 505 ಮೀ/ಸೆ², ಅಂದರೆ ಗುರುತ್ವದ ಐವತ್ತು ಪಟ್ಟು. ಅದನ್ನು 80 ಗ್ರಾಂಗೆ ಗುಣಿಸಿದರೆ ಪ್ರತಿ ಸುತ್ತಿನಲ್ಲೂ ಸುಮಾರು 40 ನ್ಯೂಟನ್ ಬಲ ಅತ್ತಿತ್ತ ತೊನೆಯುತ್ತದೆ, ಅಷ್ಟೂ ನಿಮ್ಮ ಒಂದು ಕೆ.ಜಿ.ಯ ಹಿಡಿಯ ಮೇಲೆ. 40 ಹರ್ಟ್ಸ್‌ನಂಥ ಕಡಿಮೆ ಆವರ್ತನವನ್ನು ತೆಳುವಾದ ರಬ್ಬರ್ ತಡೆಯಲಾರದು. ಹೊದಿಕೆ ವಿಫಲವಾದದ್ದು ಅದಕ್ಕೇ. ಸ್ಟ್ರೋಕನ್ನು 10 ಮಿ.ಮೀ.ಗೆ ಇಳಿಸಿದರೆ ಅದೇ ಬಲ 25 ನ್ಯೂಟನ್‌ಗೆ ಬರುತ್ತದೆ.

ಕ್ರ್ಯಾಂಕ್ ಮೇಲೆ ಪ್ರತಿಭಾರ ಕೂರಿಸಿ, ಆದರೆ ಪೂರ್ತಿ ಸಮತೋಲನಕ್ಕೆ ಹೋಗಬೇಡಿ. ಮುಂದೆ ಹಿಂದೆ ಓಡುವ ಭಾರವನ್ನು ತಿರುಗುವ ಭಾರದಿಂದ ಪೂರ್ಣವಾಗಿ ಸರಿದೂಗಿಸಹೊರಟರೆ ಅಷ್ಟೇ ಬಲ ತೊಂಬತ್ತು ಡಿಗ್ರಿ ಪಕ್ಕಕ್ಕೆ ಕಾಣಿಸಿಕೊಳ್ಳುತ್ತದೆ. ಅರ್ಧದ ಆಸುಪಾಸಿನಿಂದ ಆರಂಭಿಸಿ ಅಳತೆ ನೋಡುತ್ತಾ ಹೊಂದಿಸುವುದೇ ರೂಢಿ. ರಾಡ್ ಮತ್ತು ತಲೆಯ ತೂಕ ಇಳಿಸುವುದು ಅದಕ್ಕಿಂತಲೂ ಲಾಭದಾಯಕ.

ಬಲದ ಲೆಕ್ಕವೂ ಇದೇ ದಾರಿಯದು. 15 ಕೆ.ಜಿ. ಎಂದರೆ ಸುಮಾರು 150 ನ್ಯೂಟನ್, 8 ಮಿ.ಮೀ. ತ್ರಿಜ್ಯದಲ್ಲಿ ಅದನ್ನು ನಿಂತಲ್ಲೇ ಎದುರಿಸಲು 1.2 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು. ಮೋಟಾರಿನ ಟಾರ್ಕ್ ಸ್ಥಿರಾಂಕ, ಅಂದರೆ ಪ್ರತಿ ಆಂಪಿಯರ್‌ಗೆ ಅದು ಕೊಡುವ ಟಾರ್ಕ್, 0.06 ನ್ಯೂಟನ್-ಮೀಟರ್ ಎಂದಿಟ್ಟುಕೊಂಡರೆ 20 ಆಂಪಿಯರ್! ಹಿಡಿಯೊಳಗಿನ ಪುಟ್ಟ ಬ್ಯಾಟರಿಗೂ, ಮೋಟಾರಿಗೆ ಕರೆಂಟ್ ಹಾಯಿಸುವ ಮೊಸ್‌ಫೆಟ್ ಸ್ವಿಚ್‌ಗಳಿಗೂ ಇದು ಶಿಕ್ಷೆಯೇ ಸರಿ. ಮಾರುಕಟ್ಟೆಯ ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಅಂಕಿಗಳೊಂದಿಗೆ ಪೈಪೋಟಿಗೆ ಇಳಿಯಬೇಡಿ. ಅವುಗಳನ್ನು ಹೇಗೆ ಅಳೆಯಲಾಗಿದೆ ಎಂಬುದನ್ನು ಬಹಳಷ್ಟು ಬಾರಿ ಹೇಳಿಯೇ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಚಾಲನೆಯಲ್ಲಿ ಟಕ್ ಟಕ್ ಎಂಬ ಒಣ ಸದ್ದು ಕೇಳಿದರೆ ಕ್ರ್ಯಾಂಕ್ ಪಿನ್ನಿನ ಸಡಿಲವನ್ನು ನೋಡಿ. ಪ್ರತಿ ಸುತ್ತಿನಲ್ಲೂ ಬಲದ ದಿಕ್ಕು ಎರಡು ಬಾರಿ ಬದಲಾಗುವುದರಿಂದ ಕೂದಲೆಳೆಯಷ್ಟು ಸಡಿಲವಿದ್ದರೂ ಪಿನ್ನು ಬೇರಿಂಗಿನ ಎರಡೂ ಗೋಡೆಗೆ ಬಡಿಯುತ್ತದೆ.

ಉತ್ತರ 3 (ವೈದ್ಯಕೀಯ ಉಪಕರಣಗಳ ಗುಣಮಟ್ಟ ವಿಭಾಗ, ಬೆಂಗಳೂರು)

ರೋಗಿಗಿಂತ ಹೆಚ್ಚು ಹೊತ್ತು ಈ ಯಂತ್ರದ ಕಂಪನಕ್ಕೆ ಒಡ್ಡಿಕೊಳ್ಳುವವರು ಚಿಕಿತ್ಸಕರು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಂತೆ ಎಂಟು ಗಂಟೆಗೆ ಸರಿಹೊಂದಿಸಿದ ಕೈ-ತೋಳಿನ ಕಂಪನ 2.5 ಮೀ/ಸೆ² ತಲುಪಿದರೆ ಕ್ರಮ ಕೈಗೊಳ್ಳಬೇಕು; 5 ಎಂಬುದು ಮಿತಿ. ಕೈಗೆ ತಾಗುವ ಕಂಪನವನ್ನು ಅಳೆಯುವ ಮಾನದಂಡವಾದ ಐಎಸ್‌ಒ 5349ರಂತೆ ಅಳೆದಾಗ ನಿಮ್ಮ ಹಿಡಿಯಲ್ಲಿ 10 ಬಂದರೆ, ದಿನಕ್ಕೆ ಅರ್ಧ ಗಂಟೆಯ ಬಳಕೆಗೇ ಮೊದಲ ಗಡಿ, ಎರಡು ಗಂಟೆಗೆ ಮಿತಿ ಮುಟ್ಟುತ್ತದೆ. ಹೆಬ್ಬೆರಳನ್ನು ಉಳಿಸಹೋಗಿ ಮಣಿಕಟ್ಟನ್ನು ಕಳೆದುಕೊಳ್ಳುವಂತಾಗಬಾರದು.

ನಿಯಮಗಳ ಮಟ್ಟಿಗೆ, ಚಿಕಿತ್ಸೆ ಎಂದು ಹೇಳಿಕೊಂಡ ಕ್ಷಣವೇ 2017ರ ವೈದ್ಯಕೀಯ ಉಪಕರಣ ನಿಯಮಗಳು ಎದುರಾಗುತ್ತವೆ. ವಿದ್ಯುತ್ ಸುರಕ್ಷತೆಗೆ ಐಇಸಿ 60601-1, ಅಪಾಯ ನಿರ್ವಹಣೆಗೆ ಐಎಸ್‌ಒ 14971, ಲಿಥಿಯಂ ಬ್ಯಾಟರಿಗೆ ಐಎಸ್ 16046. ಪೆಟ್ಟಿಗೆಯ ಮೇಲೆ ಬರೆಯುವ ಪ್ರತಿ ವಾಕ್ಯಕ್ಕೂ ಪುರಾವೆ ಕೇಳುತ್ತಾರೆ ಎಂದುಕೊಂಡೇ ಬರೆಯಿರಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಸ್ಟ್ರೋಕನ್ನು 10 ಮಿ.ಮೀ.ಗೂ ಬಲದ ಗುರಿಯನ್ನು 6 ಕೆ.ಜಿ.ಗೂ ಇಳಿಸುತ್ತೇನೆ. ಮಿತಿ ಮೀರಿ ಒತ್ತಿದಾಗ ಯಂತ್ರ ತಾನಾಗಿಯೇ ಎಚ್ಚರಿಸಬೇಕೆಂದರೆ ಲೋಡ್ ಸೆಲ್ (ಬಲ ಅಳೆಯುವ ಸೆನ್ಸಾರ್) ಅನಿವಾರ್ಯವೇ, ಮೋಟಾರಿನ ಕರೆಂಟ್ ನೋಡಿದರೆ ಸಾಲದೇ?

ಉತ್ತರ 2ರವರಿಂದ ಮತ್ತೆ

ಎಚ್ಚರಿಕೆಯ ಮಟ್ಟಿಗೆ ಕರೆಂಟ್ ಸಾಕು ಸರ್, ಆದರೆ ಕ್ಷಣದ ಕರೆಂಟನ್ನು ನಂಬಬೇಡಿ. ಅದು ಪ್ರತಿ ಸುತ್ತಿನೊಳಗೇ ಏರಿಳಿಯುತ್ತದೆ. ಹಲವು ಸುತ್ತುಗಳ ಸರಾಸರಿ ತೆಗೆದುಕೊಂಡು, ಅದೇ ವೇಗದ ಖಾಲಿ ಓಟದ ಕರೆಂಟನ್ನು ಕಳೆಯಿರಿ. ಗ್ರೀಸ್ ಬಿಸಿಯಾದಂತೆ ಖಾಲಿ ಓಟದ ಕರೆಂಟ್ ಇಳಿಯುವುದರಿಂದ, ತಲೆ ಚರ್ಮಕ್ಕೆ ತಾಗುವ ಮುನ್ನ ಪ್ರತಿ ಬಾರಿಯೂ ಅದನ್ನು ಹೊಸದಾಗಿ ಅಳೆದುಕೊಳ್ಳುವಂತೆ ಪ್ರೋಗ್ರಾಂ ಬರೆಯಿರಿ. ಎಷ್ಟು ಕೆ.ಜಿ. ಎಂದು ಪರದೆಯ ಮೇಲೆ ತೋರಿಸುವ ಉದ್ದೇಶವಿದ್ದರೆ ಮಾತ್ರ ಲೋಡ್ ಸೆಲ್ ಹಾಕಿ. ತಿರುಗುವ ಭಾಗ ಎಲ್ಲಿದೆ ಎಂದು ತಿಳಿಸುವ ಹಾಲ್ ಸೆನ್ಸಾರ್ ಇರುವ ಮೋಟಾರನ್ನೇ ಆರಿಸಿಕೊಳ್ಳಿ. ಸೆನ್ಸಾರ್ ಇಲ್ಲದ್ದು ಮೈಮೇಲೆ ಒತ್ತಿಟ್ಟ ಸ್ಥಿತಿಯಲ್ಲಿ ಶುರುವಾಗಲು ತಡವರಿಸುತ್ತದೆ.