ಪದಚರ್ಚೆ: ಬೇಸ್, ಟ್ರೆಬಲ್, ಬುಕ್‌ಶೆಲ್ಫ್ ಸ್ಪೀಕರ್ – ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅರ್ಜೆಂಟು)

ಕೈಪಿಡಿ ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಚಿಕ್ಕ ಕೋಣೆಗೆಂದೇ ಮಾಡಿದ ಪುಟ್ಟ ಹೈಫೈ ಸ್ಟೀರಿಯೋ ಸೆಟ್ಟೊಂದರ ಕೈಪಿಡಿ ಅನುವಾದಿಸುತ್ತಿದ್ದೇನೆ. ಒಂದು ಆಂಪ್ಲಿಫೈಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್, ಅಷ್ಟೇ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಬೇಸ್ (ಡೋಲಿನಂಥ ಸದ್ದು), ಟ್ರೆಬಲ್ (ಗೆಜ್ಜೆಯಂಥ ಸದ್ದು). ಆ ಎರಡು ನಾಬ್‌ಗಳ ಕೆಳಗೆ ಏನು ಬರೆಯಲಿ? ಎರಡನೆಯದು ಬುಕ್‌ಶೆಲ್ಫ್ ಸ್ಪೀಕರ್. ‘ಪುಸ್ತಕದ ಕಪಾಟಿನ ಸ್ಪೀಕರ್’ ಅಂದರೆ ಜನ ಕಪಾಟಿನೊಳಗೇ ತುರುಕುತ್ತಾರೆ. ಮುಂದಿನ ಪುಟದಲ್ಲೇ ‘ಗೋಡೆಗೆ ಒತ್ತಿ ಇಡಬೇಡಿ’ ಅಂತಿದೆ! ಮೂರನೆಯದು ಒಂದು ವಾಕ್ಯ: ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬೇಸ್ ಏನಾಗುತ್ತದೆ? ‘ಊದಿಕೊಳ್ಳುತ್ತದೆ’ ಅಂತ ಬರೆದು ಹೊಡೆದುಹಾಕಿದೆ. ‘ಪ್ರತಿಧ್ವನಿಸುತ್ತದೆ’ ಅಂತ ಬರೆದು ಅದನ್ನೂ ಹೊಡೆದುಹಾಕಿದೆ.

ವ್ಯಾಕರಣ ಬೇಡ, ಪದ ಬೇಕು. ದಯವಿಟ್ಟು.

ಹಳೆಯ ಮೇಷ್ಟ್ರು:

ಇದಕ್ಕೆ ಇಷ್ಟು ತಲೆಬಿಸಿ ಯಾಕೆ ತಾಯಿ? ಬೇಸ್‌ಗೆ ಮಂದ್ರ, ಟ್ರೆಬಲ್‌ಗೆ ತಾರ. ಕೆಳಗಿನ ಸ್ಥಾಯಿ, ಮೇಲಿನ ಸ್ಥಾಯಿ ಅಂತ ಸಂಗೀತಶಾಸ್ತ್ರ ಎಂದೋ ಕೊಟ್ಟ ಪದಗಳು. ಸ್ಪೀಕರ್‌ಗೆ ಧ್ವನಿವರ್ಧಕ. ಹೈಫೈ ಪದದ ‘ಫೈ’ ಹಿಂದಿರುವುದು ಲ್ಯಾಟಿನ್ನಿನ ‘ಫಿಡೆಸ್’. ನಂಬಿಕೆ, ನಿಷ್ಠೆ ಎಂದರ್ಥ. ಮೂಲ ಧ್ವನಿಗೆ ದ್ರೋಹ ಬಗೆಯದ್ದು ಅಂತ. ಆದ್ದರಿಂದ ‘ಯಥಾಧ್ವನಿ’. ಸ್ಟೀರಿಯೋಗೆ ‘ಇಮ್ಮಡಿ ದನಿ’. ಮುಗಿಯಿತು.

ಬೆಸುಗೆಕಡ್ಡಿ:

ಮುಗಿಯಲಿಲ್ಲ ಮೇಷ್ಟ್ರೇ. ನಾನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ಇವತ್ತು ನೀವು ಬರೆದದ್ದನ್ನು ನಾಳೆ ಗಿರಾಕಿಗೆ ವಿವರಿಸಬೇಕಾದವನು ನಾನು.

ಮಂದ್ರ, ತಾರ ಹೊಂದುವುದಿಲ್ಲ. ಅವು ಹಾಡುವವರ ಶ್ರುತಿಗೆ ತಕ್ಕಂತೆ ಬದಲಾಗುತ್ತವೆ. ಶ್ರುತಿ ‘ಜಿ’ ಇಟ್ಟುಕೊಂಡ ಗಾಯಕಿಯ ಮಧ್ಯ ಷಡ್ಜ (ನಡುವಿನ ‘ಸ’) ಸುಮಾರು 196 ಹರ್ಟ್ಸ್, ಅಂದರೆ ಸೆಕೆಂಡಿಗೆ 196 ಕಂಪನ. ತಾರ ಷಡ್ಜ ಅದರ ಎರಡರಷ್ಟು, 392. ಟ್ರೆಬಲ್ ನಾಬ್ ಕೆಲಸ ಮಾಡುವುದು ಸಾಮಾನ್ಯವಾಗಿ 10,000 ಹರ್ಟ್ಸ್ ಆಸುಪಾಸಿನಲ್ಲಿ. ಅದನ್ನು ಎಷ್ಟು ತಿರುಗಿಸಿದರೂ ಆಕೆಯ ತಾರ ಷಡ್ಜ ಅಲ್ಲಾಡುವುದಿಲ್ಲ. ಜಾಸ್ತಿಯಾಗುವುದು ‘ಸ’, ‘ಶ’ ಅಕ್ಷರಗಳ ಸುಂಯ್ ಶಬ್ದ, ಗೆಜ್ಜೆಯ ಚುರುಕು. ಬೇಸ್ ನಾಬ್ 100 ಹರ್ಟ್ಸ್ ಆಸುಪಾಸಿನದು. ‘ತಾರ’ ಅಂತ ಬರೆದ ನಾಬ್ ತಿರುಗಿಸಿ ‘ತಾರ ಸ್ಥಾಯಿ ಜಾಸ್ತಿ ಆಗಲಿಲ್ಲ’ ಅಂತ ಸಂಗೀತ ಬಲ್ಲವರೇ ಮೊದಲು ದೂರು ಹೇಳುತ್ತಾರೆ.

ಧ್ವನಿವರ್ಧಕ ಅಂತೂ ಇಲ್ಲಿ ಬೇಡವೇ ಬೇಡ. ಸಭೆಯ ಮೈಕಿನ ಸೆಟ್ಟಿಗೆ ಆ ಪದ ನಡೆಯುತ್ತದೆ, ಅಲ್ಲಿ ಎಲ್ಲ ಸೇರಿ ಒಂದೇ ವಸ್ತು. ಇಲ್ಲಿ ಎರಡು ಬೇರೆ ಬೇರೆ ಪೆಟ್ಟಿಗೆ. ವರ್ಧಿಸುವುದು ಆಂಪ್ಲಿಫೈಯರ್. ಸ್ಪೀಕರ್ ಏನನ್ನೂ ವರ್ಧಿಸುವುದಿಲ್ಲ, ವಿದ್ಯುತ್ತನ್ನು ಸದ್ದಾಗಿ ಮಾಡುತ್ತದೆ. ಆಂಪ್ಲಿಫೈಯರ್ ಕೂಡ ದೊಡ್ಡದು ಮಾಡುವುದು ಸಿಗ್ನಲ್ಲನ್ನು, ಧ್ವನಿಯನ್ನಲ್ಲ. ‘ಧ್ವನಿವರ್ಧಕಕ್ಕೆ ತಂತಿ ಜೋಡಿಸಿ’ ಅಂದರೆ ಓದಿದವರು ಯಾವ ತುದಿಯನ್ನು ಎಲ್ಲಿಗೆ ಜೋಡಿಸಬೇಕು?

ಇಮ್ಮಡಿ ಅಂದರೆ ಎರಡರಷ್ಟು. ಸ್ಟೀರಿಯೋದಲ್ಲಿ ಇರುವುದು ಎಡಕ್ಕೊಂದು, ಬಲಕ್ಕೊಂದು ಚಾನೆಲ್, ಎರಡರಷ್ಟು ಸದ್ದಲ್ಲ. ಇಮ್ಮಡಿ ಪುಲಕೇಶಿ ಅಂದರೆ ಎರಡು ಚಾನೆಲ್‌ನ ಪುಲಕೇಶಿ ಅಲ್ವಲ್ಲ! ಸ್ಟೀರಿಯೋ ಪದಕ್ಕೂ ಎರಡಕ್ಕೂ ಸಂಬಂಧವೇ ಇಲ್ಲ. ಗ್ರೀಕಿನಲ್ಲಿ ‘ಘನ’ ಅಂತ. ಹಾಡುವವರು ಎಡಕ್ಕೆ, ಪಿಟೀಲು ಬಲಕ್ಕೆ ಅಂತ ಸದ್ದಿಗೆ ಜಾಗ ಸಿಗುವುದೇ ಅದರ ಅರ್ಥ. 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೀನ್ ಕೂಡ ಸ್ಟೀರಿಯೋ ಅನ್ನಲಿಲ್ಲ, ‘ಬೈನಾರಲ್’ ಅಂದರು. ಎರಡು ಕಿವಿಯದ್ದು ಅಂತ.

ಅಚ್ಚಗನ್ನಡಿಗ:

ಒಬ್ಬರು ಸಂಸ್ಕ್ರುತ, ಒಬ್ಬರು ಇಂಗ್ಲಿಶ್. ಇಬ್ಬರ ನಡುವೆ ಕನ್ನಡ ಎಲ್ಲಿ? ಬೇಸ್‌ಗೆ ಕೆಳದನಿ, ಟ್ರೆಬಲ್‌ಗೆ ಮೇಲ್ದನಿ, ಸ್ಪೀಕರ್‌ಗೆ ದನಿಪೆಟ್ಟಿಗೆ. ‘ದ್ವನಿ’ಗೆ ಒತ್ತು ಕೊಟ್ಟು ಬರೆಯುವುದನ್ನೂ ಬಿಡಿ. ಕನ್ನಡಿಗರ ಬಾಯಲ್ಲಿ ಆ ಉಲಿ ಇಲ್ಲ.

ಹಳೆಯ ಮೇಷ್ಟ್ರು:

ನನ್ನ ಬಾಯಲ್ಲಿದೆ. ‘ದನಿ’ ಎಂಬುದೇ ‘ಧ್ವನಿ’ಯ ತದ್ಭವ. ಅಚ್ಚಗನ್ನಡ ಅಂದುಕೊಂಡು ಸಂಸ್ಕೃತವನ್ನೇ ತೊಟ್ಟುಕೊಂಡಿದ್ದೀರಿ.

ಬೆಸುಗೆಕಡ್ಡಿ:

ದನಿಪೆಟ್ಟಿಗೆ ಈಗಾಗಲೇ ಗಂಟಲಲ್ಲಿದೆ ಸ್ವಾಮಿ. ಶಾಲೆಯ ಜೀವಶಾಸ್ತ್ರದಲ್ಲಿ ಧ್ವನಿಪೆಟ್ಟಿಗೆ ಅಂದರೆ ಅದೇ. ‘ಎರಡು ದನಿಪೆಟ್ಟಿಗೆಗಳನ್ನು ಗೋಡೆಯಿಂದ ದೂರ ಇಡಿ’ ಅಂದರೆ ಓದುವವರು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಕೆಳದನಿ, ಮೇಲ್ದನಿ ಇನ್ನೂ ಅಪಾಯ. ಕನ್ನಡದಲ್ಲಿ ದನಿ ತಗ್ಗಿಸು ಅಂದರೆ ಮೆಲ್ಲಗೆ ಮಾತಾಡು ಅಂತ. ದನಿ ಏರಿಸು ಅಂದರೆ ಜೋರು ಮಾಡು. ಅದು ವಾಲ್ಯೂಮ್ ನಾಬ್‌ನ ಕೆಲಸ. ಮೂರು ನಾಬ್‌ಗೂ ಒಂದೇ ಅರ್ಥ ಬಂದರೆ ಯಾವುದನ್ನು ತಿರುಗಿಸೋದು?

ಜನ ದಿನಾ ಆಡುವ ಮಾತನ್ನೇ ನೋಡಿ. ‘ಅವನ ದನಿ ದಪ್ಪ’, ‘ಅವಳ ದನಿ ಸಣ್ಣ’. ಇಲ್ಲಿ ಯಾರೂ ಜೋರು, ಮೆಲ್ಲಗೆ ಅಂತ ತಿಳಿಯುವುದಿಲ್ಲ. ಆದ್ದರಿಂದ ನಾಬ್ ಮೇಲೆ ಬೇಸ್, ಟ್ರೆಬಲ್ ಅಂತಲೇ ಇರಲಿ. ವಿವರಣೆಯಲ್ಲಿ ‘ದಪ್ಪ ಸದ್ದು’, ‘ಸಣ್ಣ ಸದ್ದು’ ಅನ್ನಿ.

ಅಚ್ಚಗನ್ನಡಿಗ:

ಶರಣಾಗತಿ. ನಾಬ್ ಮೇಲೆ ಇಂಗ್ಲಿಶ್ ಬರೆಯುವುದಾದರೆ ಅನುವಾದ ಯಾಕೆ? ತದ್ಬವ ಆದ ಮೇಲೆ ‘ದನಿ’ ನಮ್ಮದಾಯಿತು. ಬೇಸ್ ಆಗಿಲ್ಲ.

ಬೆಸುಗೆಕಡ್ಡಿ:

‘ಬೇಸು ಜಾಸ್ತಿ ಮಾಡೋ’ ಅಂತ ಕೇಳಿಲ್ವಾ ನೀವು? ಕೊನೆಗೆ ಉಕಾರ ಬಂತು, ವಿಭಕ್ತಿ ಹತ್ತಿತು, ‘ಬೇಸಿನ ಹೊಡೆತ’ ಅಂತಲೂ ಆಯಿತು. ಇನ್ನೇನು ಆಗಬೇಕು? ಸ್ಪೀಕರ್ ಇಡುವ ಅಲಮಾರು ಪೋರ್ಚುಗೀಸರಿಂದ ಬಂತು. ಕೂತು ಕೇಳುವ ಕುರ್ಚಿಯ ಮೂಲ ಅರಬ್ಬೀ. ಅವೆರಡಕ್ಕೂ ಇಲ್ಲದ ತಕರಾರು ಬೇಸಿಗೆ ಮಾತ್ರ.

ಇನ್ನೊಂದು ಮಾತು. ಇಂಗ್ಲಿಷಿನವರೇನು ದೊಡ್ಡ ಪಾಂಡಿತ್ಯ ಮಾಡಿಲ್ಲ. ಸ್ಪೀಕರ್ ಒಳಗೆ ದಪ್ಪ ಸದ್ದಿನದು ವೂಫರ್, ನಾಯಿ ಬೊಗಳುವ ಸದ್ದು. ಸಣ್ಣ ಸದ್ದಿನದು ಟ್ವೀಟರ್, ಹಕ್ಕಿಯ ಚಿಲಿಪಿಲಿ. ಎರಡೂ ಅನುಕರಣ ಪದ. ಅದನ್ನು ಬಿಟ್ಟು ನಾವು ‘ಮಂದ್ರಧ್ವನಿಪ್ರಸಾರಕ’ ಅಂತ ಕಟ್ಟುತ್ತಾ ಕೂತಿದ್ದೇವೆ.

ಹಳೆಯ ಮೇಷ್ಟ್ರು:

ಆ ಪದ ನಾನು ಹೇಳಿಲ್ಲ. ನನ್ನ ಬಾಯಿಗೆ ತುರುಕಬೇಡಿ.

ಕೈಪಿಡಿ ಅನುವಾದಕಿ:

ಮೇಷ್ಟ್ರೇ, ಸಮಾಧಾನ. ನನ್ನ ಇನ್ನೆರಡು ಪ್ರಶ್ನೆ ಹಾಗೇ ಇವೆ. ಕಪಾಟು, ಮೂಲೆ.

‘ಯಥಾಧ್ವನಿ’ ಚೆನ್ನಾಗಿದೆ, ಆದರೆ ಹೈಫೈ ಅಂತಲೇ ಇಡುತ್ತೇನೆ. ಅದಕ್ಕೂ ಒಂದು ತೊಂದರೆ ಇದೆ. ಮಾತಿನಲ್ಲಿ ‘ಹೈಫೈ ಜನ’ ಅಂದರೆ ದುಡ್ಡಿನ ಠೀವಿ ತೋರಿಸುವವರು. ಕೈಪಿಡಿಯಲ್ಲಿ ಮಾತ್ರ ಅದು ಸದ್ದಿನ ಮಾತಾಗಿಯೇ ಉಳಿಯಬೇಕು.

ಬೆಸುಗೆಕಡ್ಡಿ:

ಮೇಡಂ, ಬುಕ್‌ಶೆಲ್ಫ್ ಅನ್ನುವುದು ಅಳತೆಯ ಹೆಸರು, ಜಾಗದ ಹೆಸರಲ್ಲ. 1954ರಲ್ಲಿ ಅಮೆರಿಕದ ಕಂಪನಿ ಅಕೌಸ್ಟಿಕ್ ರಿಸರ್ಚ್‌ನವರು ಎಆರ್-1 ಸ್ಪೀಕರ್ ತಂದಾಗ, ಅಲಮಾರುವಿನಷ್ಟು ದೊಡ್ಡ ಪೆಟ್ಟಿಗೆ ಇಲ್ಲದೆಯೂ ಒಳ್ಳೆಯ ಬೇಸ್ ಬರುತ್ತದೆ ಅಂತ ಗೊತ್ತಾಯಿತು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ, ಒಳಗಿನ ಗಾಳಿಯೇ ಸ್ಪ್ರಿಂಗ್. ಬಿಬಿಸಿಯವರು 1970ರ ದಶಕದಲ್ಲಿ ಮಾಡಿದ ಎಲ್‌ಎಸ್3/5ಎ ಇನ್ನೂ ಪುಟ್ಟದು. ಎತ್ತರ ಸುಮಾರು 30 ಸೆಂಟಿಮೀಟರ್. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲೆಂದು ಮಾಡಿದ್ದು. ಚಿಕ್ಕ ಜಾಗ ಅಂದರೆ ಅದಕ್ಕಿಂತ ಚಿಕ್ಕದು ಬೇಕಾ?

ಈಗಿನ ಬಹಳಷ್ಟಕ್ಕೆ ಹಿಂಬದಿಯಲ್ಲಿ ಒಂದು ತೂತು ಇರುತ್ತದೆ. ಅದರಿಂದಲೂ ಬೇಸ್ ಹೊರಬರುತ್ತದೆ. ಕಪಾಟಿನ ಹಿಂಬದಿಗೆ ಒತ್ತಿದರೆ ಕೆಟ್ಟಿತು. ಆದ್ದರಿಂದ ‘ಕಪಾಟು’ ಬೇಡ. ‘ಪುಟ್ಟ ಸ್ಪೀಕರ್’ ಸಾಕು. ತೂತಿಗೆ ‘ಕಿಂಡಿ’ ಅನ್ನಿ.

ಮೂಲೆಯ ವಿಷಯ. ಅದು ಪ್ರತಿಧ್ವನಿ ಅಲ್ಲ, ಬೆಟ್ಟದ ಮುಂದೆ ಕೂಗಿದಂತೆ ಮತ್ತೆ ಕೇಳಿಸುವುದಿಲ್ಲ. ಮೂರು ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 57 ಹರ್ಟ್ಸ್‌ನ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ನಿಂತುಬಿಡುತ್ತದೆ. ಆ ಒಂದು ಸ್ವರ ಗೋಡೆ ಪಕ್ಕ ಕೂತವರಿಗೆ ಕಿವಿ ತುಂಬುತ್ತದೆ, ಕೋಣೆಯ ನಡುವೆ ಕೂತವರಿಗೆ ಕೇಳಿಸುವುದೇ ಕಷ್ಟ. ಸ್ಪೀಕರ್ ಮೂಲೆಯಲ್ಲಿದ್ದರೆ ಇಂಥವೆಲ್ಲ ಒಟ್ಟಿಗೆ ಎದ್ದೇಳುತ್ತವೆ. ಕನ್ನಡದಲ್ಲಿ ಇದಕ್ಕೆ ‘ಗುಂಯ್‌ಗುಡು’ ಇದೆಯಲ್ಲ.

ಅಚ್ಚಗನ್ನಡಿಗ:

ಕಿಂಡಿ, ಗುಂಯ್‌ಗುಡು ಎರಡಕ್ಕೂ ನನ್ನ ಒಪ್ಪಿಗೆ ಇದೆ. ಬೇಸ್‌ಗೆ ಇಲ್ಲ.

ಹಳೆಯ ಮೇಷ್ಟ್ರು:

ಅಲ್ಲೇ ನಿಂತ ಅಲೆಗೆ ‘ಸ್ಥಾಯಿ ತರಂಗ’ ಎಂದು ಹೇಳಬೇಕು.

ಬೆಸುಗೆಕಡ್ಡಿ:

ಆಗ ಮಂದ್ರ ಸ್ಥಾಯಿಯ ಸ್ಥಾಯಿ ತರಂಗ ಅಂತಾಗುತ್ತದೆ ಮೇಷ್ಟ್ರೇ. ಒಂದೇ ಸಾಲಿನಲ್ಲಿ ಎರಡು ಸ್ಥಾಯಿ, ಎರಡಕ್ಕೂ ಬೇರೆ ಅರ್ಥ. ‘ನಿಂತ ಅಲೆ’ ಸಾಕು.

ಕೈಪಿಡಿ ಅನುವಾದಕಿ:

ಇದನ್ನೇ ಕಳಿಸುತ್ತಿದ್ದೇನೆ, ನೋಡಿ:

‘ಪುಟ್ಟ ಸ್ಪೀಕರ್‌ಗಳನ್ನು ಮೂಲೆಗೆ ತಳ್ಳಬೇಡಿ. ಬೇಸ್ ಗುಂಯ್‌ಗುಡುತ್ತದೆ. ಹಿಂಬದಿಯ ಕಿಂಡಿಗೂ ಗೋಡೆಗೂ ನಡುವೆ ಜಾಗ ಬಿಡಿ. ಜಾಗ ಇಲ್ಲದಿದ್ದರೆ ಜೊತೆಗೆ ಕೊಟ್ಟಿರುವ ಸ್ಪಂಜಿನ ಬಿರಡೆಯಿಂದ ಕಿಂಡಿ ಮುಚ್ಚಿ. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ, ಅವುಗಳಿಂದ ನೀವೂ ಅಷ್ಟೇ ದೂರ ಕೂರಿ. ಟ್ವೀಟರ್ ಕಿವಿಯ ಮಟ್ಟದಲ್ಲಿರಲಿ. ದಪ್ಪ ಸದ್ದು ಹೆಚ್ಚು ಕಡಿಮೆ ಮಾಡಲು ಬೇಸ್ ನಾಬ್, ಸಣ್ಣ ಸದ್ದಿಗೆ ಟ್ರೆಬಲ್ ನಾಬ್ ತಿರುಗಿಸಿ. ಶಕ್ತಿ: ಪ್ರತಿ ಚಾನೆಲ್‌ಗೆ 30 ವಾಟ್.’

ಬೆಸುಗೆಕಡ್ಡಿ:

ವಾಟ್‌ನಲ್ಲಿ ಅಳೆಯುವುದು ಸಾಮರ್ಥ್ಯ, ಶಕ್ತಿಯಲ್ಲ. ಶಕ್ತಿಗೆ ಜೂಲ್. ಅದೊಂದು ತಿದ್ದಿಬಿಡಿ. ಉಳಿದದ್ದು ಅಚ್ಚಿಗೆ ಹೋಗಲಿ.

ಹಳೆಯ ಮೇಷ್ಟ್ರು:

ಸಾಮರ್ಥ್ಯ ಎಂದರೆ ಯೋಗ್ಯತೆ. ಯಂತ್ರಕ್ಕೆ ಎಲ್ಲಿಯ ಯೋಗ್ಯತೆ?

ಅಚ್ಚಗನ್ನಡಿಗ:

ಕಸುವು.

ಕೈಪಿಡಿ ಅನುವಾದಕಿ:

ದಯವಿಟ್ಟು ಅದಕ್ಕೆ ಬೇರೆ ಎಳೆ ಶುರು ಮಾಡಿ. ನಾನು ‘30 ವಾಟ್’ ಅಂತ ಮಾತ್ರ ಬಿಟ್ಟಿದ್ದೇನೆ.