ದೇಮೇತೇರ್: ‘ಸುಗ್ಗಿದೇವತೆ’ ಎಂದರೆ ಸಾಕೇ?

ಗ್ರೀಕರ ದೇಮೇತೇರಳನ್ನು ಕನ್ನಡದಲ್ಲಿ ‘ಸುಗ್ಗಿಯ ದೇವತೆ’ ಎನ್ನುವುದುಂಟು. ಆಕೆಯ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿರುವ ನನಗೆ ಈ ಹೆಸರು ತೀರ ಕಿರಿದೆನಿಸಿ, ಬಲ್ಲವರ ಅಭಿಪ್ರಾಯ ಕೋರಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಇಂಗ್ಲಿಷ್ ಉಚ್ಚಾರಣೆಯನ್ನು ಅನುಸರಿಸಿ ‘ಡಿಮೀಟರ್’ ಎಂದು ಬರೆದರೆ ಓದುಗರಿಗೆ ಅಳತೆಯ ಮೀಟರು ನೆನಪಾಗುತ್ತದೆ. ಗ್ರೀಕಿನ ‘ಮೇತೇರ್’ ಎಂದರೆ ತಾಯಿ. ಸಂಸ್ಕೃತದ ‘ಮಾತೃ’ ಅದರ ಸೋದರ ಪದ. ಹ್ರಸ್ವ, ದೀರ್ಘ ಎಕಾರಗಳೆರಡೂ ಇರುವ ನಮ್ಮ ಲಿಪಿಯಲ್ಲಿ ‘ದೇಮೇತೇರ್’ ಎಂದು ಮೂಲಕ್ಕೆ ಸರಿಯಾಗಿಯೇ ಬರೆಯಬಹುದು. ‘ದೇ’ ಎಂಬುದರ ಅರ್ಥ ಮಾತ್ರ ವಿವಾದಾಸ್ಪದ: ನೆಲವೆಂದು ಕೆಲವರು, ಜವೆಗೋಧಿಯೆಂದು ಕೆಲವರು ವಿವರಿಸಿದ್ದಾರೆ.

ಇನ್ನು ಸುಗ್ಗಿಯೆಂದರೆ ಕೊಯ್ಲಿನ ಕಾಲ. ದೇಮೇತೇರಳ ಕೆಲಸವಾದರೋ ಬಿತ್ತನೆಯಿಂದಲೇ ಮೊದಲಾಗುತ್ತದೆ. ಅಥೆನ್ಸಿನಲ್ಲಿ ಹೆಂಗಸರಷ್ಟೇ ಸೇರಿ 3 ದಿನ ಆಚರಿಸುತ್ತಿದ್ದ ಥೆಸ್ಮೊಫೊರಿಯಾ ಹಬ್ಬ ಬರುತ್ತಿದ್ದದ್ದು ಶರತ್ಕಾಲದ ಬಿತ್ತನೆಯ ಹೊತ್ತಿಗೆ. ಗುಂಡಿಗೆ ಹಾಕಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಮೇಲೆ ತಂದು ಬಲಿಪೀಠದ ಮೇಲಿಡುತ್ತಿದ್ದರು. ಅದನ್ನು ಬೀಜದೊಡನೆ ಬೆರೆಸಿ ಬಿತ್ತಿದರೆ ಬೆಳೆ ಹುಲುಸಾಗುವುದೆಂದು ನಂಬಿದ್ದರು. ಪೈರು ಎಳೆಯದಿರುವಾಗ ಆಕೆ ‘ಖ್ಲೊಯೇ’, ಅಂದರೆ ಎಳೆಹಸುರಿನವಳು. ಇಲಿಯಡ್ಡಿನ 5ನೆಯ ಸರ್ಗದ ಹೋಲಿಕೆಯೊಂದರಲ್ಲಿ ಆಕೆ ಕಣದಲ್ಲಿದ್ದಾಳೆ: ಜನ ತೂರುತ್ತಿರುವಾಗ ಹೊಂಗೂದಲಿನ ದೇಮೇತೇರ್ ಬೀಸುವ ಗಾಳಿಯಲ್ಲಿ ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುತ್ತಾಳೆ, ಹಾರಿಬಿದ್ದ ಹೊಟ್ಟಿನ ಗುಡ್ಡೆಗಳು ಬೆಳ್ಳಗಾಗುತ್ತವೆ. ಕಣ, ತೂರು, ಹೊಟ್ಟು ಎಂಬ ಮಾತುಗಳು ನಮ್ಮಲ್ಲಿರುವುದರಿಂದ ಈ ಸಾಲುಗಳು ಕನ್ನಡಕ್ಕೆ ಎಷ್ಟು ಸಲೀಸಾಗಿ ಬರುತ್ತವೆಂಬುದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಮಗಳು ಪೆರ್ಸೆಫೊನೆಯನ್ನು ಪಾತಾಳದ ದೊರೆ ಹೊತ್ತೊಯ್ದಾಗ ಆಕೆ ತಡೆದದ್ದೂ ಕೊಯ್ಲನ್ನಲ್ಲ, ಮೊಳಕೆಯನ್ನು. ಎತ್ತುಗಳು ನೇಗಿಲೆಳೆದವು, ಬಿತ್ತಿದ ಬಿಳಿಯ ಜವೆ ಮಣ್ಣಿನಲ್ಲಿ ಸುಮ್ಮನೆ ಹಾಳಾಯಿತು ಎನ್ನುತ್ತದೆ ಹೋಮರನ ಹೆಸರಿನಲ್ಲಿ ಬಂದಿರುವ ಸ್ತೋತ್ರ.

ಹಾಗಾಗಿ ಬಿತ್ತನೆಯಿಂದ ಕಣದವರೆಗಿನ ಎಲ್ಲವನ್ನೂ ಹಿಡಿಯುವ, ತಾಯ್ತನವನ್ನೂ ಬಿಡದ ಒಂದು ಪದ ಬೇಕಾಗಿದೆ. ‘ಧಾನ್ಯಮಾತೆ’ ಕಾಳಿಗೆ ಸೀಮಿತವಾಗುತ್ತದೆ, ‘ಪೈರಿನ ತಾಯಿ’ ಹೊಲದಲ್ಲೇ ಉಳಿಯುತ್ತಾಳೆ. ‘ಬೆಳೆ’ ಎಂಬ ಪದಕ್ಕೆ ನಿಂತ ಪೈರು, ಬಂದ ಫಸಲು ಎರಡೂ ಅರ್ಥಗಳಿರುವುದರಿಂದ ನನ್ನ ಒಲವು ಅದರತ್ತ. ಆದರೆ ಆದೇಶಸಂಧಿಯಂತೆ ‘ಬೆಳೆದಾಯಿ’ ಎಂದರೆ ಕಿವಿಗೆ ‘ಬೆಳೆದ’ ಎಂಬ ಕ್ರಿಯಾರೂಪ ಕೇಳಿಸಿ ತೊಡಕಾಗುತ್ತದೆ. ಸಂಧಿ ಮಾಡದೆ ‘ಬೆಳೆತಾಯಿ’ ಎಂದೇ ಉಳಿಸಿಕೊಳ್ಳಬಹುದೇ, ಅಥವಾ ತಮ್ಮ ಕಡೆಯ ಒಕ್ಕಲು ಮಾತಿನಲ್ಲಿ ಇದಕ್ಕಿಂತ ಒಗ್ಗುವ ಪದವಿದೆಯೇ?