ಸಮಸ್ಯಾಪೂರಣ: ‘ಹೊಳೆಯೊಳ್ ಮಿಂದವನೆ ಕೊಳೆಯನಂಟಿಸಿಕೊಂಡಂ’

ಸಂಚಾಲಕರು, ದಾವಣಗೆರೆ:
ಈ ಸಲದ ವಸ್ತು ಪ್ರಾಯಶ್ಚಿತ್ತ. ಕೊಟ್ಟಿರುವುದು ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು. ಮಿಂದವನಿಗೆ ಕೊಳೆ ಕಳೆಯಬೇಕಲ್ಲದೆ ಅಂಟುವುದು ಹೇಗೆ ಎಂಬ ವಿರೋಧವನ್ನು ಉಳಿದ ಮೂರು ಸಾಲುಗಳಲ್ಲಿ ಬಿಡಿಸಬೇಕು. ಆದಿಪ್ರಾಸ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ, ‘ಳ’ಕಾರ. ಕಂದದ ಪ್ರತಿ ಅರ್ಧದಲ್ಲೂ ಆರನೆಯ ಗಣ (ನಾಲ್ಕು ಮಾತ್ರೆಗಳ ಗುಂಪು) ಸರ್ವಲಘು (ನಾಲ್ಕೂ ಲಘು) ಇಲ್ಲವೆ ಜಗಣ (ಲಘು-ಗುರು-ಲಘು) ಆಗಿರಬೇಕು; ಕೊಟ್ಟ ಸಾಲಿನ ‘ನೆ ಕೊಳೆಯ’ ಸರ್ವಲಘುವಾಗಿ ಆ ನಿಯಮವನ್ನು ಪಾಲಿಸಿದೆ. ಪೂರ್ವಾರ್ಧದ ಆರನೆಯ ಗಣದ ಹೊಣೆ ನಿಮ್ಮದು.

ಹರಿಹರದ ಸದಸ್ಯರು:
ಅಳೆದೀಯದೆ ಪರಧನಮಂ
ಬಳಸುತೆ ಮನೆಯೊಳ್ ಪುರೋಹಿತನ ಮಾತಿಂದಂ
ಮುಳುಗಿದೊಡೇಂ ಹರಿಹರದೊಳ್
ಹೊಳೆಯೊಳ್ ಮಿಂದವನೆ ಕೊಳೆಯನಂಟಿಸಿಕೊಂಡಂ

ತುಂಗಭದ್ರೆಯ ದಡದಲ್ಲಿರುವವನು ಹೊಳೆಯನ್ನು ಹಳಿಯುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕದ್ದದ್ದನ್ನು ಕೈಯಲ್ಲಿಟ್ಟುಕೊಂಡು ಮಾಡುವ ಶುದ್ಧಿಯನ್ನು ಶಾಸ್ತ್ರವೂ ಒಪ್ಪುವುದಿಲ್ಲ. ಪ್ರಾಯಶ್ಚಿತ್ತಗಳನ್ನು ಹೇಳುವ ಮನುಸ್ಮೃತಿಯ 11ನೆಯ ಅಧ್ಯಾಯವು ಸಣ್ಣಪುಟ್ಟ ವಸ್ತುವನ್ನು ಕದ್ದವನಿಗೂ ಮೊದಲು ಅದನ್ನು ಹಿಂದಿರುಗಿಸಿ ಆಮೇಲೆ ಸಾಂತಪನ ಕೃಚ್ಛ್ರವೆಂಬ ಕಠಿಣ ವ್ರತವನ್ನು ಆಚರಿಸಬೇಕೆಂದು ವಿಧಿಸುತ್ತದೆ. ಈ ಕ್ರಮ ತಪ್ಪಿದ ಸ್ನಾನವೇ ನನ್ನ ಪದ್ಯದ ಕೊಳೆ.

ಚಿತ್ರದುರ್ಗದ ಸದಸ್ಯೆ:
ಕಳೆಯಲ್ ಪಾಪಮನೂರಿನ
ಕೊಳಚೆಯನೆತ್ತಲ್ ತೊಡಂಗಿ ಸಂಜೆಯ ವರೆಗಂ
ತಿಳಿಯಾಗಿಸಿ ತೊರೆನೀರಂ
ಹೊಳೆಯೊಳ್ ಮಿಂದವನೆ ಕೊಳೆಯನಂಟಿಸಿಕೊಂಡಂ

ಹರಿಹರದ ಮೇಷ್ಟ್ರು ಕೊಳೆಯನ್ನು ನಿಂದೆಯಾಗಿ ಓದಿದ್ದಾರೆ, ನಾನು ಹೊಗಳಿಕೆಯಾಗಿ ಓದಿದ್ದೇನೆ. ಪ್ರಾಜಾಪತ್ಯ ಕೃಚ್ಛ್ರವೆಂದರೆ 12 ದಿನಗಳ ವ್ರತ: 3 ದಿನ ಹಗಲೂಟ ಮಾತ್ರ, 3 ದಿನ ರಾತ್ರಿಯೂಟ ಮಾತ್ರ, 3 ದಿನ ಬೇಡದೆ ಬಂದದ್ದು ಮಾತ್ರ, ಕೊನೆಯ 3 ದಿನ ಪೂರ್ಣ ಉಪವಾಸ. ಚಾಂದ್ರಾಯಣವೆಂಬ ತಿಂಗಳ ವ್ರತದಲ್ಲಿ ಚಂದ್ರನ ಕಲೆಗಳಂತೆ ದಿನದ ತುತ್ತುಗಳು 15ರಿಂದ ಇಳಿದು ಮತ್ತೆ ಏರುತ್ತವೆ. ಇವು ದೇಹವನ್ನು ದಂಡಿಸುತ್ತವೆ, ನಿಜ. ಆದರೆ ತಪ್ಪಿತಸ್ಥನು ಹಸಿದಿದ್ದರಿಂದ ನೊಂದವನ ಹೊಟ್ಟೆ ತುಂಬಿತೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆದ್ದರಿಂದ ನನ್ನ ಪಾಪಿ ಉಪವಾಸಕ್ಕೆ ಕೂರದೆ ಹೂಳೆತ್ತುತ್ತಾನೆ.

ಚನ್ನಗಿರಿಯ ಸದಸ್ಯರು:
ಅಕ್ಕನವರ ಪದ್ಯಕ್ಕೆ ನಮ್ಮ ಸೂಳೆಕೆರೆಯೇ ಸಾಕ್ಷಿ. ರಾಜಕುಮಾರಿ ಶಾಂತವ್ವ ತನ್ನಿಂದಾದ ದೋಷದ ಪರಿಹಾರಕ್ಕಾಗಿ ಈ ಕೆರೆಯನ್ನು ಕಟ್ಟಿಸಿದಳೆಂದೂ, ತನ್ನ ಊರು ನೀರಿನಲ್ಲಿ ಮುಳುಗಿದ್ದಕ್ಕೆ ತಂದೆ ಅವಳನ್ನು ಬೈದು ಶಪಿಸಿದ ಮಾತೇ ಕೆರೆಯ ಹೆಸರಾಯಿತೆಂದೂ ಐತಿಹ್ಯವಿದೆ. ಪ್ರಾಯಶ್ಚಿತ್ತ ಮಾಡಿಕೊಂಡವಳಿಗೆ ಬಂದ ಫಲ ಬೈಗುಳ! ಶಾಂತಿಸಾಗರವೆಂಬ ಹೆಸರು ಬಂದ ಮೇಲೂ ಜನರ ಬಾಯಲ್ಲಿ ಹಳೆಯದೇ ಉಳಿದಿದೆ. ಆ ಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದ ಬಳಿಯೇ ಹೊಳೆಗೆ ಸೇರುತ್ತದೆಯಾದ್ದರಿಂದ ಮೇಷ್ಟ್ರ ಪದ್ಯದವನು ಮಿಂದ ನೀರಿನಲ್ಲಿ ಅವಳ ಪಾಲೂ ಇದೆ.

ಸಂಚಾಲಕರು:
ಎರಡೂ ಪೂರಣಗಳು ಒಪ್ಪಿತ. ಎರಡನೆಯದರ ತಿರುವು ನನಗೆ ಹೆಚ್ಚು ಹಿಡಿಸಿತು. ಆದರೆ ಒಂದು ಕೊರತೆಯಿದೆ. ಮನು ಪಾಪದಿಂದ ಬಿಡುಗಡೆಗೆ ಹೇಳುವ ದಾರಿಗಳಲ್ಲಿ ಮೊದಲನೆಯದು ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು, ಎರಡನೆಯದು ಪಶ್ಚಾತ್ತಾಪ. ತಪಸ್ಸು ಮತ್ತು ಅಧ್ಯಯನ ಆಮೇಲೆ, ದಾನವಂತೂ ಅವು ಸಾಧ್ಯವಾಗದ ಆಪತ್ತಿನಲ್ಲಿ. ಯಾಜ್ಞವಲ್ಕ್ಯಸ್ಮೃತಿಯ ಮೂರನೆಯ ಅಧ್ಯಾಯದ ಹೆಸರೇ ಪ್ರಾಯಶ್ಚಿತ್ತಾಧ್ಯಾಯ, ಆ ಸ್ಮೃತಿಗೆ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ ಎಂದು ಹೆಮ್ಮೆಪಡುವ ನಾವು ಆ ಮೊದಲ ಮೆಟ್ಟಿಲನ್ನೇ ಹಾರಿಬಿಟ್ಟೆವು. ನಿಮ್ಮ ಇಬ್ಬರು ನಾಯಕರೂ ಯಾರ ಮುಂದೆಯೂ ಒಂದು ಮಾತಾಡಲಿಲ್ಲ. ಹೇಳಿಕೊಳ್ಳುವವನನ್ನು ಯಾರಾದರೂ ತನ್ನಿ.

ಜಗಳೂರಿನ ಸದಸ್ಯರು:
ತಿಳಿಸುತೆ ಜನದೊಳ್ ತಪ್ಪಂ
ಹಳಿವವರೆಲ್ಲರ ಕಠೋರ ನುಡಿಯಂ ತಾಳ್ದುಂ
ತೊಳೆದನಿವಂ ಮನಮಂ, ಬರಿ
ಹೊಳೆಯೊಳ್ ಮಿಂದವನೆ ಕೊಳೆಯನಂಟಿಸಿಕೊಂಡಂ

ಸಂಚಾಲಕರು:
ಇಬ್ಬರನ್ನು ಎದುರುಬದುರು ನಿಲ್ಲಿಸಿ, ‘ಬರಿ’ ಎಂಬ ಎರಡಕ್ಷರದಿಂದ ಸಮಸ್ಯೆಯ ಸಾಲಿಗೆ ಹೊಸ ಕರ್ತೃವನ್ನೇ ಕೊಟ್ಟಿದ್ದೀರಿ. ‘ಕಠೋರ’ ಜಗಣವಾಗಿ ಆರನೆಯ ಗಣದಲ್ಲಿ ಸರಿಯಾಗಿ ಕೂತಿದೆ. ಒಪ್ಪಿತ.